ಹೆಣಭಾರ ತಂಡದ ನಾಲ್ವರೂ ಒಂದೇ ಬೆಳಿಗ್ಗೆ ತೀರಿಕೊಂಡದ್ದು

ಒಂದು ಫ್ಲೆಕ್ಸ್ ಮಾಡಿಸುವುದು ಯಾವ ಮಹಾ ಕೆಲಸ? ನಮ್ಮ ಮಧುಗಿರಿಯಲ್ಲಿ ಮಗುವಿಗೆ ಕಿವಿ ಚುಚ್ಚಿಸಿದರೂ ಫ್ಲೆಕ್ಸ್, ಹೊಸ ಟ್ರ್ಯಾಕ್ಟರ್ ತಂದರೂ ಫ್ಲೆಕ್ಸ್, ಚುನಾವಣೆಯಲ್ಲಿ ಠೇವಣಿ ಕಳೆದುಕೊಂಡರೂ ಮತದಾರ ಮಹಾಪ್ರಭುಗಳಿಗೆ ವಂದಿಸಿ ಫ್ಲೆಕ್ಸ್. ಹೀಗಿರುವಾಗ, ಇಪ್ಪತ್ತು ವರ್ಷ ಸರ್ಕಾರಿ ಕಡತಗಳನ್ನು ಒಂದು ಅಲ್ಪವಿರಾಮವೂ ತಪ್ಪದಂತೆ ಬರೆದ ರಂಗನಾಥನೆಂಬ ನಾನು ಆರಡಿ ನಾಲ್ಕಡಿಯ ಒಂದು ಫ್ಲೆಕ್ಸ್ ಮಾಡಿಸಲಾರೆನೆ? ಮಾಡಿಸಿದೆ. ಅದರ ಫಲವಾಗಿ ಒಂದೇ ಬೆಳಿಗ್ಗೆ ನಾಲ್ಕು ತಾಲ್ಲೂಕುಗಳಲ್ಲಿ ತೀರಿಕೊಂಡೆ!

ನಾನು ಹಗಲು ಹೊತ್ತಿನಲ್ಲಿ ಕಚೇರಿಯೊಂದರಲ್ಲಿ ಜನನ ಮರಣ ನೋಂದಣಿಯ ಗುಮಾಸ್ತ. ಸತ್ತವರ ಹೆಸರು, ತಂದೆಯ ಹೆಸರು, ಸತ್ತ ಸ್ಥಳ ಬರೆದು ಮೊಹರು ಹಾಕುತ್ತೇನೆ. ಭಾನುವಾರ ಮಾತ್ರ ನಾನು ಬೇರೆ ಮನುಷ್ಯ. ಅಂದು ನಾನು 'ಹೆಣಭಾರ' ಎಂಬ ಮೆಟಲ್ ಸಂಗೀತ ತಂಡದ ಹಾಡುಗಾರ. ಮೆಟಲ್ ಅಂದರೆ ಗೊತ್ತಿಲ್ಲದವರಿಗೆ ಹೇಳುತ್ತೇನೆ. ಗಿಟಾರು ಗರಗಸದಂತೆ ಕೊಯ್ಯುತ್ತದೆ. ಡ್ರಮ್ಮು ತಗಡಿನ ಮೇಲೆ ಆಲಿಕಲ್ಲು ಬಿದ್ದಂತೆ ಬೀಳುತ್ತದೆ. ಹಾಡುಗಾರ ಹಾಡುವುದಿಲ್ಲ, ಹೊಟ್ಟೆಯ ತಳದಿಂದ ಗೊರಗುಟ್ಟುತ್ತಾನೆ. ಹಾಡಿನ ವಿಷಯ ಸಾವು, ಸ್ಮಶಾನ, ಕತ್ತಲೆ, ಮತ್ತೆ ಸಾವು. ಹಗಲು ಮಾಡುವ ಕೆಲಸವನ್ನೇ ಭಾನುವಾರವೂ ಜೋರಾಗಿ ಮಾಡುತ್ತೀರಿ ಅಷ್ಟೇ ಎಂದು ನನ್ನ ಹೆಂಡತಿ ಸುಜಾತ ಹೇಳುವುದುಂಟು.

ತಂಡದಲ್ಲಿ ನಾಲ್ವರು. ಗಿಟಾರಿಗೆ ಪಾವಗಡ ತಾಲ್ಲೂಕು ಬಲಸಮುದ್ರದ ವೆಂಕಟೇಶ. ಬೆಳಕನ್ನು ಶಪಿಸುವ ಹಾಡುಗಳೆಲ್ಲ ಇವನು ಬರೆದದ್ದು. 'ಸೂರ್ಯನೇ ಸಾಯಿ' ಎಂಬ ಹಾಡಂತೂ ಹತ್ತು ನಿಮಿಷವಿದೆ. ಇವನ ಕೆಲಸ ಸೋಲಾರ್ ಪಾರ್ಕಿನಲ್ಲಿ ಪ್ಯಾನೆಲ್ ಒರೆಸುವುದು. ಸೂರ್ಯ ನಿಜಕ್ಕೂ ಸತ್ತರೆ ಮೊದಲು ಮನೆಗೆ ಹೋಗುವವನು ಇವನೇ! ಬಾಸ್ ಗಿಟಾರಿಗೆ ಶಿರಾದ ಸಾದಿಕ್. ಮದುವೆ ಹೆಣ್ಣುಗಳ ರವಿಕೆ ಹೊಲಿಯುವುದರಲ್ಲಿ ಎತ್ತಿದ ಕೈ. ನಮ್ಮ ಕರಿ ನಿಲುವಂಗಿಗಳನ್ನು ಹೊಲಿದವನೂ ಅವನೇ. ಎಷ್ಟು ಹೇಳಿದರೂ ಕೇಳದೆ ತೋಳಿಗೆ ಜರಿ ಪೈಪಿಂಗ್ ಕೊಟ್ಟಿದ್ದಾನೆ. ಡ್ರಮ್ಮಿಗೆ ಶಿರಾ ತಾಲ್ಲೂಕು ತಾವರೆಕೆರೆಯ ಗೌತಮ, ಪ್ರಾಥಮಿಕ ಶಾಲೆ ಮೇಷ್ಟ್ರು. ಅವರದು ಬೌದ್ಧ ಕುಟುಂಬ. ಮಗ ಕೆಳಗೆ ಡ್ರಮ್ ಬಡಿಯುವಾಗ ತಂದೆ ಮಹಡಿಯ ಮೇಲೆ ಕಣ್ಣು ಮುಚ್ಚಿ ಧ್ಯಾನಕ್ಕೆ ಕೂರುತ್ತಾರೆ. ಈ ಸದ್ದಿನಲ್ಲಿ ಮನಸ್ಸು ನಿಂತರೆ ಇನ್ನೆಲ್ಲಿ ಬೇಕಾದರೂ ನಿಲ್ಲುತ್ತದೆ ಎಂಬುದು ಅವರ ಅಭಿಪ್ರಾಯ.

ನಮ್ಮ ಅಭ್ಯಾಸ ತಾವರೆಕೆರೆಯ ಕಡಲೆಕಾಯಿ ಸುಲಿಯುವ ಶೆಡ್ಡಿನಲ್ಲಿ. ಮಿಷನ್ ಓಡುವ ದಿನಗಳಲ್ಲಿ ನಮ್ಮ ಸದ್ದು ಯಾರಿಗೂ ಬೇರೆಯಾಗಿ ಕೇಳುವುದಿಲ್ಲ. ಒಮ್ಮೆ ಮಿಷನ್ ನಿಂತಿದ್ದಾಗ ನಾವು ಬಾರಿಸಿದೆವು. ಪಕ್ಕದ ಹೊಲದವರು ಶೆಡ್ಡಿನ ಮಾಲೀಕರಿಗೆ ಫೋನ್ ಮಾಡಿ, ಮಿಷನ್ನಿಗೆ ಏನೋ ಸಿಕ್ಕಿಹಾಕಿಕೊಂಡಿದೆ, ಮೆಕ್ಯಾನಿಕ್ ಕಳಿಸಿ ಎಂದರು!

ತಂಡದ ಧ್ಯೇಯಧೋರಣೆಯನ್ನು ಬರೆದವನು ನಾನು. ಬೇರೆ ಭಾಷೆ ಬಾರದ ಕಾರಣ ಕಚೇರಿ ಭಾಷೆಯಲ್ಲೇ ಬರೆದೆ: "ಈ ಮೂಲಕ ಸರ್ವರಿಗೂ ತಿಳಿಯಪಡಿಸುವುದೇನೆಂದರೆ, ಬದುಕು ಅರ್ಥಹೀನ. ಸದರಿ ಅರ್ಥಹೀನತೆಯನ್ನು ಮನಗಂಡು ತಂಡವು ಹೆಸರು, ಕೀರ್ತಿ, ಚಪ್ಪಾಳೆ ಇತ್ಯಾದಿಗಳನ್ನು ತಿರಸ್ಕರಿಸಿದೆ. ಸಾವಿಗೆ ಹೆದರುವವರಿಗೆ ತಂಡದಲ್ಲಿ ಅವಕಾಶವಿರುವುದಿಲ್ಲ." ಇದನ್ನು ಬರೆದ ಮಹಾಶಯ ಬಿಪಿ ಮಾತ್ರೆಯನ್ನು ಅಲಾರಂ ಇಟ್ಟುಕೊಂಡು ನುಂಗುತ್ತಾನೆ. ಎಡಗೈ ಜೋಮು ಹಿಡಿದರೆ ಇಸಿಜಿ ಮಾಡಿಸುತ್ತಾನೆ. ಅದು ತಂಡಕ್ಕೆ ಗೊತ್ತಿರಲಿಲ್ಲ.

ಇನ್ನೊಬ್ಬರಿಗೆ ತಂಡದ ವಿಷಯವೇ ಗೊತ್ತಿರಲಿಲ್ಲ. ಅದು ನನ್ನ ಅಮ್ಮ. ಕೊರಟಗೆರೆ ತಾಲ್ಲೂಕಿನ ಕೊಳಾಲದ ಹತ್ತಿರ ನಮ್ಮ ಹಳ್ಳಿ. ಅಮ್ಮ ಅಲ್ಲಿ ನನ್ನ ಅಣ್ಣನ ಮನೆಯಲ್ಲಿದ್ದಾಳೆ. ಹೋದ ವರ್ಷ ಅವಳ ಎದೆಗೆ ಸ್ಟೆಂಟ್ ಹಾಕಿಸಿದ್ದೆವು. "ಊಟ ಹೆಚ್ಚುಕಮ್ಮಿ ಆದ್ರೂ ಪರವಾಗಿಲ್ಲ. ಶಾಕ್ ಆಗೋ ಸುದ್ದಿ ಮಾತ್ರ ಇದ್ದಕ್ಕಿದ್ದಂಗೆ ಹೇಳ್ಬೇಡಿ" ಎಂದು ಡಾಕ್ಟರು ನನ್ನ ಮುಖ ನೋಡಿಯೇ ಹೇಳಿದ್ದರು. ಅಂದಿನಿಂದ ಅಮ್ಮನಿಗೆ ನಾನು ಪೆಟ್ರೋಲ್ ರೇಟು ಏರಿದ್ದನ್ನೂ ಹೇಳಿಲ್ಲ. ಭಾನುವಾರ ಎಲ್ಲಿಗೆ ಹೋಗುತ್ತೀಯ ಎಂದರೆ ಭಜನೆಗೆ ಎನ್ನುತ್ತಿದ್ದೆ. ಅವಳು ಅದನ್ನು ಊರಿಗೆಲ್ಲ ಹೇಳಿಕೊಂಡು ಸಂತೋಷಪಡುತ್ತಿದ್ದಳು.

ತಂಡ ಕಟ್ಟಿದ ಆರು ವರ್ಷಕ್ಕೆ ನಮ್ಮ ಮೊದಲ ಪ್ರದರ್ಶನ ನಿಗದಿಯಾಯಿತು. ಭಾನುವಾರ ಬೆಳಿಗ್ಗೆ ಹನ್ನೊಂದಕ್ಕೆ, ಅದೇ ಶೆಡ್ಡಿನಲ್ಲಿ, ಹನ್ನೊಂದು ಮಂದಿ ಅಭಿಮಾನಿಗಳ ಎದುರು. ಹಿಂದೆ ಕಟ್ಟಲು ತಂಡದವರ ಚಿತ್ರ, ಹೆಸರು ಇರುವ ಒಂದು ಫ್ಲೆಕ್ಸ್ ಬೇಕು ಎಂದು ವೆಂಕಟೇಶ ಹಟ ಹಿಡಿದ. ನಾನು ಮಾಡಿಸುತ್ತೇನೆ ಬಿಡಿ ಎಂದೆ.

ಬಸ್ ಸ್ಟ್ಯಾಂಡಿನ ಹತ್ತಿರ ನರಸಿಂಹುಲು ಎಂಬಾತ ಆಂಧ್ರದ ಕಡೆಯಿಂದ ಬಂದು ಹೊಸದಾಗಿ ಅಂಗಡಿ ಇಟ್ಟಿದ್ದ. ಗುಟ್ಟು ರಟ್ಟಾಗಬಾರದೆಂದು ನಾನು ಅಂಗಡಿಗೆ ಹೋಗಲಿಲ್ಲ. ವಾಟ್ಸಾಪಿನಲ್ಲಿ ನಾಲ್ಕು ಫೋಟೊ ಕಳಿಸಿದೆ. ನಾಲ್ಕೂ ಕಪ್ಪು ಬಿಳುಪು. ನಾಲ್ವರ ಮುಖಕ್ಕೂ ಬಿಳಿ ಬಣ್ಣ, ಕಣ್ಣ ಸುತ್ತ ಕಪ್ಪು. ಈ ಬಗೆಯ ಸಂಗೀತದವರು ಹೆಣದ ಹಾಗೆ ಬಣ್ಣ ಬಳಿದುಕೊಳ್ಳುವುದು ವಾಡಿಕೆ. ಇನ್ನೂ ಪರಿಣಾಮಕಾರಿಯಾಗಲಿ ಎಂದು ನಾವು ಕಣ್ಣು ಬೇರೆ ಮುಚ್ಚಿಕೊಂಡಿದ್ದೆವು. ಕೆಳಗೆ ಹೆಸರು, ಊರು ಬರೆದೆ. 'ಬದುಕೆಂಬ ಭ್ರಮೆ ಮುಗಿಯಿತು' ಎಂಬ ನಮ್ಮ ಸಾಲು ಬರೆದೆ. ದಿನ, ಸಮಯ, ಸ್ಥಳ ಬರೆದೆ. ಇದಕ್ಕಿಂತ ಸ್ಪಷ್ಟವಾಗಿ ಯಾರು ಬರೆದಾರು?

ಸ್ವಲ್ಪ ಹೊತ್ತಿಗೆ ನರಸಿಂಹುಲುವಿನ ಫೋನ್ ಬಂತು. ಹಿಂದಿನ ಭಾನುವಾರದ ಅಭ್ಯಾಸದಿಂದ ನನ್ನ ಗಂಟಲು ಕಟ್ಟಿಹೋಗಿತ್ತು.

"ಫೋಟೋಲು ಚೂಶಾನು ಸಾರ್," ಎಂದ. ದನಿ ಮೆತ್ತಗಿತ್ತು. "ನಾಲ್ಕು ಮಂದೀನೂ ಒಕೇಸಾರಿನಾ?"

"ಹೌದು. ನಾಲ್ಕೂ ಜನ ಒಟ್ಟಿಗೇ," ಎಂದೆ. ಒಂದೇ ಫ್ಲೆಕ್ಸಿನಲ್ಲಿ ತಾನೇ!

"ಅಯ್ಯೋ ದೇವುಡಾ. ಹೆಂಗಾಯ್ತು ಸಾರ್ ಇದು?"

ತಂಡ ಹೇಗಾಯಿತು ಎಂದು ಕೇಳುತ್ತಿದ್ದಾನೆ ಎಂದುಕೊಂಡೆ. ಮೊದಲ ಸಲ ಒಬ್ಬರು ಆಸಕ್ತಿಯಿಂದ ಕೇಳಿದ್ದಾರೆ! "ಎಲ್ಲಾ ವಿಧಿ ಕಣ್ರೀ. ಒಬ್ಬೊಬ್ರೂ ಒಂದೊಂದು ಊರಲ್ಲಿದ್ರು," ಎಂದೆ. ಗಂಟಲು ಮಧ್ಯೆ ಎರಡು ಸಲ ಕಿತ್ತುಕೊಂಡಿತು.

"ಅಳಬೇಡಿ ಸಾರ್. ಮೀರು ಅವ್ರಿಗೆ ಏಮಾಗ್ಬೇಕು?"

ಗುಟ್ಟು ಬಿಡಬಾರದಲ್ಲ! "ನಾನೂ ಅವರಲ್ಲಿ ಒಬ್ಬ ಅಂತ ತಿಳ್ಕೊಳ್ಳಿ," ಎಂದು ಗಂಭೀರವಾಗಿ ಹೇಳಿದೆ.

"ಅಂಗನ್ಬೇಡಿ ಸಾರ್! ಧೈರ್ಯಂಗಾ ಉಂಡಂಡಿ. ನಾನು ಎಲ್ಲಾ ನೋಡ್ಕೊಂತೀನಿ," ಎಂದು ಅವನು ಫೋನ್ ಇಟ್ಟ. ಎಷ್ಟು ಒಳ್ಳೆಯ ಮನುಷ್ಯ ಎಂದು ಸುಜಾತಳ ಮುಂದೆ ಹೊಗಳಿದೆ.

ಪ್ರದರ್ಶನದ ಹಿಂದಿನ ದಿನ ಎರಡನೇ ಶನಿವಾರ. ಕಚೇರಿಗೆ ರಜೆ. ಬೆಳಿಗ್ಗೆಯೇ ಬಚ್ಚಲುಮನೆಯ ಕನ್ನಡಿ ಮುಂದೆ ನಿಂತು ಮುಖಕ್ಕೆ ಬಣ್ಣ ಹಚ್ಚಿ ನೋಡುತ್ತಿದ್ದೆ. ನಾಟಕದವರು ಬಳಸುವ ಬಿಳಿ ಬಣ್ಣಕ್ಕೆ ಎಣ್ಣೆ ಕಲಸಿ ಸಾದಿಕ್ ಹೊಸ ಮಿಶ್ರಣ ಮಾಡಿಕೊಟ್ಟಿದ್ದ. "ಭಾಯ್, ಕಿತ್ನಾ ಬೆವರಿದ್ರೂ ಉತರಲ್ಲ, ಗ್ಯಾರಂಟಿ," ಎಂದಿದ್ದ. ಸುಜಾತ ಅಡಿಗೆಮನೆಯಲ್ಲಿ ಹುಳಿಗೆ ಒಗ್ಗರಣೆ ಹಾಕುತ್ತಿದ್ದಳು. ಆಗ ಹಿಂದಿನ ಬೀದಿಯ ಪುಟ್ಟಲಕ್ಷ್ಮಮ್ಮ ಒಂದು ಪಾತ್ರೆ ಅನ್ನ, ಒಂದು ಪಾತ್ರೆ ಸಾರು ಹಿಡಿದುಕೊಂಡು ಒಳಗೆ ಬಂದರು. ನಮ್ಮ ಕಡೆ ಸಾವಿನ ಮನೆಯಲ್ಲಿ ಒಲೆ ಹಚ್ಚುವುದಿಲ್ಲ, ಅಕ್ಕಪಕ್ಕದವರು ಊಟ ತರುತ್ತಾರೆ. ಒಗ್ಗರಣೆಯ ಘಾಟು ಮೂಗಿಗೆ ಬಡಿದದ್ದೇ ಅವರು ನಿಂತುಬಿಟ್ಟರು.

"ಏನೇ ಸುಜಾತಾ! ಗಂಡ ಓಗಿ ಇನ್ನೂ ಒಂದ್ ದಿನ ಆಗಿಲ್ಲ, ಒಗ್ಗರಣೆ ಹಾಕ್ಕಂಡು ನಿಂತಿದೀಯಲ್ಲೇ!"

"ಎಲ್ಗೂ ಹೋಗಿಲ್ಲ ಕಣಕ್ಕ. ಬಚ್ಚಲುಮನೇಲಿದ್ದಾರೆ."

"ಬಚ್ಚಲುಮನೇಲಿ ಮಲಗ್ಸಿದೀಯಾ!" ಎಂದು ಪುಟ್ಟಲಕ್ಷ್ಮಮ್ಮ ಎದೆ ಬಡಿದುಕೊಂಡರು. "ನಡುಮನೇಲಿ ಜಾಗ ಇರ್ಲಿಲ್ವೇನೇ ನಿನಗೆ?"

ಏನು ಗಲಾಟೆ ಎಂದು ನಾನು ಬಾಗಿಲು ತೆರೆದು ಈಚೆ ಬಂದೆ. ಬಿಳಿ ಮುಖ, ಕಪ್ಪು ಕಣ್ಣು, ಸೊಂಟಕ್ಕೆ ಟವೆಲ್ಲು. ಸಾರಿನ ಪಾತ್ರೆ ಮೊದಲು ಬಿತ್ತು. ಆಮೇಲೆ ಅನ್ನದ್ದು. ಆಮೇಲೆ ಪುಟ್ಟಲಕ್ಷ್ಮಮ್ಮ!

ಮುಖಕ್ಕೆ ನೀರು ಚಿಮುಕಿಸಿ ಎಬ್ಬಿಸಿದ ಮೇಲೆ ಅವರು ನನ್ನನ್ನು ನೋಡದೆ ಸುಜಾತಳ ಕೈಗೆ ಮಾತ್ರ ಮೊಬೈಲು ಕೊಟ್ಟರು. ಅದರಲ್ಲಿ ಫ್ಲೆಕ್ಸಿನ ಫೋಟೊ ಇತ್ತು. ನಮ್ಮ ಸರ್ಕಲ್ಲಿನಲ್ಲಿ, ಎಲ್ಲರ ಕಣ್ಣಿಗೆ ಬೀಳುವಂತೆ ಕಟ್ಟಿದ್ದರು. ಮೇಲೆ ದಪ್ಪ ಅಕ್ಷರದಲ್ಲಿ 'ಭಾವಪೂರ್ಣ ಶ್ರದ್ಧಾಂಜಲಿ'. ಎರಡು ಬದಿಗೆ ಉರಿಯುವ ದೀಪ, ಹಾರುವ ಪಾರಿವಾಳ. ಸಾದಿಕನ ತಲೆಯ ಮೇಲೆ ಮಾತ್ರ ಕಾಳಜಿಯಿಂದ ಒಂದು ಚಂದ್ರ. ಕೆಳಗೆ 'ಮತ್ತೆ ಹುಟ್ಟಿ ಬನ್ನಿ ಗೆಳೆಯರೇ'. ಅದರ ಕೆಳಗೆ, ಭಾನುವಾರ ಬೆಳಿಗ್ಗೆ ಹನ್ನೊಂದಕ್ಕೆ ತಾವರೆಕೆರೆಯಲ್ಲಿ ಮುಂದಿನ ಕಾರ್ಯ!

ಅಷ್ಟರಲ್ಲಿ ಸುಜಾತಳ ಫೋನ್ ಬಡಿದುಕೊಂಡಿತು. ನನ್ನ ಸಹೋದ್ಯೋಗಿ ಶಿವಣ್ಣ. ಅವಳು ಸ್ಪೀಕರ್ ಹಾಕಿದಳು.

"ಮೇಡಂ, ಹೆಂಗ್ ಹೇಳ್ಬೇಕೋ ಗೊತ್ತಾಗ್ತಿಲ್ಲ. ಧೈರ್ಯ ತಂದ್ಕೊಳಿ. ಆಧಾರ್ ಕಾರ್ಡ್ ಜೆರಾಕ್ಸ್ ಎರಡು ಕಾಪಿ ತೆಗ್ದಿಟ್ಕೊಳಿ. ಇಪ್ಪತ್ತೊಂದು ದಿನದ ಒಳಗಾದ್ರೆ ಸಲೀಸು. ರಂಗನಾಥ್ ಸಾರ್ ಇದ್ದಿದ್ರೆ ಇವತ್ತೇ ಮಾಡ್ಕೊಡೋರು." ಇಷ್ಟು ಹೇಳಿ ಅವನು ಅತ್ತುಬಿಟ್ಟ.

ನಾನು ಫೋನ್ ಕಿತ್ತುಕೊಂಡು, ಇನ್ನೂ ಬಿಡದೆ ಕಟ್ಟಿಕೊಂಡಿದ್ದ ಗಂಟಲಿನಲ್ಲೇ, "ಶಿವಣ್ಣಾ, ನಾನು ಕಣಪ್ಪಾ, ರಂಗನಾಥ," ಎಂದೆ. ಆ ಕಡೆ ಏನೋ ಬಿದ್ದ ಸದ್ದಾಯಿತು. ಲೈನು ಕಟ್ಟಾಯಿತು.

ಕೂಡಲೇ ನರಸಿಂಹುಲುವಿಗೆ ಫೋನ್ ಮಾಡಿದೆ. ಬೈಯುವ ಮೊದಲೇ ಅವನು ಸಮಾಧಾನ ಮಾಡತೊಡಗಿದ. "ಸಾರ್, ಮೀರು ಒಂದು ಕೇಳಿದ್ರಿ, ನಾನು ಐದು ಹೊಡ್ದೆ. ಸತ್ತೋರ ಸ್ವಂತ ಊರಲ್ಲಿ ಫ್ಲೆಕ್ಸ್ ಇಲ್ಲ ಅಂದ್ರೆ ಎಟ್ಲಾ ಸಾರ್? ನಾಲ್ಕು ಊರಿಗೂ ಬೆಳಿಗ್ಗೆ ಪೊದ್ದುನ್ನೇ ಬಸ್ಸಿಗೆ ಹಾಕ್ಬಿಟ್ಟೆ. ಕೊಳಾಲದ್ದು ಮಾತ್ರ ಲೇಟು, ಈಗ ಅರ್ಧ ಗಂಟೆ ಕೆಳಗೆ ಹೋಯ್ತು. ದುಡ್ಡು ಬೇಡ ಸಾರ್, ಪುಣ್ಯದ ಕೆಲಸ."

ಕೊಳಾಲ! ನಾನು ಅಲ್ಲೇ ನೆಲದ ಮೇಲೆ, ಚೆಲ್ಲಿದ ಸಾರಿನಲ್ಲಿ ಕುಳಿತೆ. ನನ್ನ ಶ್ರದ್ಧಾಂಜಲಿ ಬಸ್ಸು ಹತ್ತಿ ಅಮ್ಮನ ಹತ್ತಿರ ಹೊರಟಿತ್ತು. ಆ ಎದೆಯಲ್ಲಿರುವ ಸ್ಟೆಂಟಿನ ಚಿತ್ರ, ಡಾಕ್ಟರು ಬೋರ್ಡಿನ ಮೇಲೆ ಬಿಡಿಸಿ ತೋರಿಸಿದ್ದು, ಕಣ್ಣ ಮುಂದೆ ಬಂತು.

ಅಣ್ಣನ ಫೋನ್ ಸ್ವಿಚ್ ಆಫ್. ಅಮ್ಮನ ಬಟನ್ ಫೋನಿಗೇ ಮಾಡಿದೆ. ಎತ್ತಿದಳು.

"ಅಮ್ಮಾ, ನಾನು," ಎಂದೆ. ಎಂದೆ ಅಂದುಕೊಂಡೆ. ಗಂಟಲಿನಿಂದ ಬಂದದ್ದು ಬರೀ ಗೊರಗೊರ.

"ಯಾವನ್ಲಾ ನೀನು? ಓಟಿಪಿ ಗೀಟಿಪಿ ನಾನ್ ಕೊಡಾಕಿಲ್ಲ, ಮಡುಗ್ಲಾ ಫೋನಾ!" ಎಂದು ಇಟ್ಟುಬಿಟ್ಟಳು. ಅಪರಿಚಿತರ ಫೋನ್ ಬಂದರೆ ಹೀಗೇ ಹೇಳಬೇಕು ಎಂದು ಕಲಿಸಿದವನು ನಾನೇ.

"ನೀನು ಮಾಡು," ಎಂದು ಸುಜಾತಳಿಗೆ ಪಿಸುಗುಟ್ಟಿದೆ. "ನೇರವಾಗಿ ಹೇಳ್ಬೇಡ. ನಿಧಾನಕ್ಕೆ, ಸುತ್ತಿ ಬಳಸಿ ಹೇಳು. ಶಾಕ್ ಆಗ್ಬಾರ್ದು."

ಸುಜಾತ ನೇರ ಮಾತಿನವಳು. ಸುತ್ತಿ ಬಳಸಿ ಅಭ್ಯಾಸವಿಲ್ಲ. "ಅತ್ತೆ, ಹುಷಾರಾಗಿದೀರಾ? ಎದೆ ಏನೂ ನೋಯ್ತಿಲ್ಲ ತಾನೆ? ಮಾತ್ರೆ ನುಂಗಿದ್ರಾ? ಯಾರಾದ್ರೂ ಬಂದು ಏನಾದ್ರೂ ಹೇಳಿದ್ರೆ ನಂಬ್ಬೇಡಿ ಅತ್ತೆ. ಏನೂ ಆಗಿಲ್ಲ. ಏನಂದ್ರೆ ಏನೂ ಆಗಿಲ್ಲ!"

"ಏನಾಗೈತೆ? ರಂಗ ಎಲ್ಲವ್ನೆ? ಅವನ ಕೈಗೆ ಕೊಡು ಫೋನಾ!" ಎಂದು ಅಮ್ಮ ಕೂಗಿದ್ದು ನನಗೂ ಕೇಳಿಸಿತು. ನಾನು ಗಾಬರಿಯಲ್ಲಿ ಫೋನ್ ಇಸಿದುಕೊಂಡು ಮತ್ತೆ ಗೊರಗುಟ್ಟಿದೆ. ಅಮ್ಮ ಒಮ್ಮೆ "ಅಯ್ಯೋ" ಎಂದಳು. ಫೋನ್ ನಿಂತಿತು. ಬಸ್ಸು ಮುಟ್ಟುವ ಮೊದಲೇ ಅಮ್ಮನನ್ನು ಹೆದರಿಸುವ ಕೆಲಸವನ್ನು ನಾವೇ ಗಂಡ ಹೆಂಡತಿ ಮುಗಿಸಿದ್ದೆವು!

ಇನ್ನು ಹೋಗುವುದೊಂದೇ ದಾರಿ. ಮುಖ ತೊಳೆದೆ, ಸೋಪು ಹಾಕಿದೆ, ತೆಂಗಿನ ನಾರಿನಿಂದ ಉಜ್ಜಿದೆ. ಸಾದಿಕನ ಗ್ಯಾರಂಟಿ ಸುಳ್ಳಾಗಲಿಲ್ಲ. ಅದೇ ಮುಖಕ್ಕೆ ಹೆಲ್ಮೆಟ್ ಹಾಕಿಕೊಂಡೆ. ಸ್ಕೂಟರ್ ಓಡಿಸಿದ್ದು ಸುಜಾತ. ಸಂತಾಪದ ಕರೆಗಳು ಒಂದರ ಹಿಂದೊಂದು ಬರುತ್ತಿದ್ದವು. ಎಲ್ಲರಿಗೂ ಬದುಕಿದ್ದೇನೆ ಎಂದು ಹೇಳುವಷ್ಟು ಗಂಟಲು ಉಳಿದಿರಲಿಲ್ಲ. ಫೋನನ್ನು ಸೈಲೆಂಟಿಗೆ ಹಾಕಿ ಜೇಬಿಗೆ ಇಳಿಸಿದೆ. ಆ ದಿನದ ತಪ್ಪುಗಳಲ್ಲೆಲ್ಲ ದೊಡ್ಡದು ಇದೇ ಎಂದು ಆಗ ತಿಳಿಯಲಿಲ್ಲ.

ಸರ್ಕಲ್ಲಿನಲ್ಲಿ ಒಂದು ನಿಮಿಷ ನಿಂತೆವು. ಯಾರೋ ಪುಣ್ಯಾತ್ಮರು ಊದುಬತ್ತಿ ಹಚ್ಚಿ, ಚೆಂಡುಹೂವಿನ ಹಾರ ಹಾಕಿದ್ದರು. ಹಾರ ನನ್ನ ಫೋಟೊಗೆ ಬಿದ್ದಿರಲಿಲ್ಲ, ಸಾದಿಕನದಕ್ಕೆ ಬಿದ್ದಿತ್ತು. ಆ ಗಾಬರಿಯಲ್ಲೂ ಸ್ವಲ್ಪ ಹೊಟ್ಟೆಕಿಚ್ಚಾಯಿತು ಎಂದು ನಾಚಿಕೆ ಬಿಟ್ಟು ಒಪ್ಪಿಕೊಳ್ಳುತ್ತೇನೆ.

ಅಲ್ಲಿಂದ ಹೊರಡುವ ಮುಂಚೆ ಸುಜಾತ ತನ್ನ ಫೋನಿನಿಂದ ಅಮ್ಮನಿಗೆ ಮತ್ತೆ ಮಾಡಿ, ಎಂಗೇಜ್ ಬಂದದ್ದರಿಂದ ಉಳಿದವರನ್ನು ವಿಚಾರಿಸಿದಳು. ಸಾದಿಕ್ ಅಂಗಡಿ ಮುಂದೆ ಜನ ಸೇರಿದ್ದರಂತೆ. ಹೊಲಿಯಲು ಕೊಟ್ಟ ರವಿಕೆ ಬಟ್ಟೆ ವಾಪಸ್ ಕೇಳಲು! ಬಲಸಮುದ್ರದಲ್ಲಿ ವೆಂಕಟೇಶ ರೇಗಿಹೋಗಿದ್ದ. "ವದಿನಾ, ನೇನು ಬದುಕಿದೀನಿ ಅಂದ್ರೆ ಸೂಪರ್‌ವೈಸರ್ ನಮ್ತಾ ಇಲ್ಲ. ನನ್ನ ಸಾವಿಗೆ ನನಗೇ ಅರ್ಧ ದಿನ ರಜೆ ಇಚ್ಚಾಡು, ಕೊಟ್ಬಿಟ್ಟ!" ಗೌತಮನ ತಂದೆ ತಾವರೆಕೆರೆಯ ಫ್ಲೆಕ್ಸನ್ನು ಪೂರ್ತಿ ಓದಿ, ಎಲ್ಲವೂ ಅನಿತ್ಯ ಎಂದು ಹೇಳಿ, ಮನೆಗೆ ಹೋಗಿ ಮಗನಿಗೆ ಊಟಕ್ಕೆ ಬರುತ್ತೀಯಾ ಎಂದು ಫೋನ್ ಮಾಡಿ ಕೇಳಿದರಂತೆ. ಧ್ಯೇಯಧೋರಣೆಯನ್ನು ಇವರಿಂದ ಬರೆಸಬೇಕಿತ್ತು.

ಕೊರಟಗೆರೆ ಬಸ್ ಸ್ಟ್ಯಾಂಡಿನಲ್ಲಿ ಕೊಳಾಲದ ಬಸ್ಸು ಇನ್ನೂ ನಿಂತಿತ್ತು! ಸಿಕ್ಕಿತು ಎಂದು ಓಡಿದೆ. ಕಂಡಕ್ಟರ್ ಚಹಾ ಕುಡಿಯುತ್ತಿದ್ದ. ನನ್ನ ಮಾತು ಕೇಳಿಸಲಿ ಎಂದು ಹೆಲ್ಮೆಟ್ ತೆಗೆದೆ. ಅವನು ಪಾರ್ಸಲ್ ಬಿಚ್ಚಿ ನೋಡಿದ್ದ ಎಂದು ಅವನ ಮುಖ ನೋಡಿದಾಗಲೇ ಗೊತ್ತಾಯಿತು. ಲೋಟ ಕೈಬಿಟ್ಟ.

"ಅಣ್ಣಾ, ನಾನು ತಂದೋನು ಅಷ್ಟೇ ಅಣ್ಣಾ! ನನ್ನದೇನೂ ತಪ್ಪಿಲ್ಲ! ಬುಟ್ಬುಡಣ್ಣಾ!" ಎಂದು ನನ್ನ ಕಾಲಿನ ಕಡೆ ನೋಡುತ್ತಾ ಕೈ ಮುಗಿದ. ಪಾದ ಮುಂದಕ್ಕಿದೆಯೋ ಹಿಂದಕ್ಕಿದೆಯೋ ಎಂದು ನೋಡುತ್ತಿದ್ದ.

ಸುಜಾತ ಮುಂದೆ ಬಂದು, "ಪಾರ್ಸಲ್ ಎಲ್ಲಪ್ಪಾ?" ಎಂದಳು.

"ನಿಮ್ಮೂರೋರೇ ಒಬ್ರು ಬಿಚ್ಚಿದ್ದು ನೋಡಿ ಬೈಕಲ್ಲಿ ಇಸ್ಕಂಡೋದ್ರು ಕಣಕ್ಕ. ಕಿವಿಗೆ ಹತ್ತಿ ಇಟ್ಕಂಡಿದ್ರು. ಅಳ್ತಾ ಓದ್ರು."

ಹನುಮಂತರಾಯ ಚಿಕ್ಕಪ್ಪ! ಸಾವಿನ ಸುದ್ದಿ ಮುಟ್ಟಿಸುವುದರಲ್ಲಿ ಅವರನ್ನು ಮೀರಿಸುವವರು ನಮ್ಮ ಸಂಬಂಧದಲ್ಲಿ ಇಲ್ಲ. ಕೆಲವೊಮ್ಮೆ ಕಾಯಿಲೆಯವರು ಇನ್ನೂ ಉಸಿರಾಡುತ್ತಿರುವಾಗಲೇ ಮುಟ್ಟಿಸಿಬಿಟ್ಟಿದ್ದಾರೆ. ಅಲ್ಲಿಂದ ಊರಿನ ತನಕ ನಾನು ಏನು ಮಾಡಿದೆ ಎಂದರೆ, ಹೆಂಡತಿಯ ಭುಜ ಹಿಡಿದುಕೊಂಡು ಅತ್ತೆ. ಸಾವನ್ನು ಕೊಂಡಾಡಿ ಹದಿನೇಳು ಹಾಡು ಬರೆದವನು, "ಅಮ್ಮ ಒಬ್ಬಳು ಉಳಿದರೆ ಸಾಕು, ಈ ಹಾಳು ಹಾಡು ಇನ್ನು ಜನ್ಮದಲ್ಲಿ ಬೇಡ" ಎಂದು ಸಿಕ್ಕ ಸಿಕ್ಕ ದೇವರಿಗೆಲ್ಲ ಹೇಳಿಕೊಂಡೆ. ಹೆಲ್ಮೆಟ್ಟಿನ ಗಾಜು ಒಳಗಿನಿಂದ ಮಂಜಾಯಿತು.

ಊರು ಬಂತು. ಮನೆ ಮುಂದೆ ನಲವತ್ತು ಐವತ್ತು ಜನ. ಚಿಕ್ಕಪ್ಪ ಹೊಂಗೆ ಮರಕ್ಕೆ ಫ್ಲೆಕ್ಸ್ ಕಟ್ಟುತ್ತಾ ನಿಂತಿದ್ದರು. ಹೆಂಗಸರು ನಮ್ಮ ಕಡೆಯ ಪದ್ಧತಿಯಂತೆ ನನ್ನ ಗುಣಗಳನ್ನು ಒಂದೊಂದಾಗಿ ಹೇಳಿಕೊಂಡು ಅಳುತ್ತಿದ್ದರು. "ಇರುವೆನೂ ನೋಯಿಸದೋನು ಕಣಮ್ಮಾ! ಭಾನುವಾರ ಬಂದ್ರೆ ಭಜನೆ ಬುಟ್ರೆ ಬ್ಯಾರೆ ತಿಳೀದೋನು ಕಣಮ್ಮಾ!" ಬದುಕಿನಲ್ಲಿ ಮೊದಲ ಸಲ ಇಷ್ಟು ಹೊಗಳಿಕೆ ಕೇಳುತ್ತಿದ್ದೆ. ಆದರೆ ಅಳುವವರ ನಡುವೆ ಅಮ್ಮ ಇರಲಿಲ್ಲ. ಹೆಲ್ಮೆಟ್ ಕಿತ್ತೆಸೆದು ಮನೆಯೊಳಗೆ ಓಡಿದೆ. ನನ್ನನ್ನು ಕಂಡವರು ಕಂಡ ಕಂಡ ಕಡೆ ಓಡಿದರು. ಚಿಕ್ಕಪ್ಪ ಫ್ಲೆಕ್ಸಿನ ಹಿಂದೆ ಅಡಗಿಕೊಂಡರು.

ಅಮ್ಮ ನಡುಮನೆಯಲ್ಲಿ ಗೋಡೆಗೊರಗಿ ಒಬ್ಬಳೇ ಕುಳಿತಿದ್ದಳು. ಅಳುತ್ತಿರಲಿಲ್ಲ. ಕಿವಿಗೆ ಫೋನ್ ಒತ್ತಿಕೊಂಡಿದ್ದಳು. ಯಾರನ್ನೂ ನೋಡದೆ, "ರಿಂಗಾಯ್ತೈತೆ. ಎತ್ತುತಾನೆ ಇರಿ. ಎತ್ತುತಾನೆ," ಎಂದು ತನಗೆ ತಾನೇ ಹೇಳಿಕೊಳ್ಳುತ್ತಿದ್ದಳು. ನಾನು ಜೇಬಿನಿಂದ ಫೋನ್ ತೆಗೆದೆ. ಸದ್ದಿಲ್ಲದೆ ಮಿನುಗುತ್ತಿತ್ತು. ಅಮ್ಮ, ಇಪ್ಪತ್ತಾರು ಸಲ.

ಅವಳ ಮುಂದೆ ಕುಕ್ಕರಿಸಿದೆ. ಅವಳು ನೋಡಿದಳು. ಫೋನ್ ಕೆಳಗಿಟ್ಟು, ಎರಡೂ ಕೈಯಿಂದ ನನ್ನ ಮುಖ ಹಿಡಿದಳು. ಹಣೆ ಮುಟ್ಟಿದಳು, ಕತ್ತು ಮುಟ್ಟಿದಳು.

"ಬೆಚ್ಚಗವ್ನೆ," ಎಂದಳು. ಆಮೇಲೆ ಕಣ್ಣೀರಿಗೆ ಕರಗಿ ಕೈಗೆ ಮೆತ್ತಿದ ಬಿಳಿ ಬಣ್ಣ ನೋಡಿಕೊಂಡಳು. ಆಮೇಲೆ ಫಟಾರನೆ ಕೆನ್ನೆಗೆ ಬಾರಿಸಿದಳು! "ಫೋನ್ ಯಾಕ್ಲಾ ಎತ್ತಲಿಲ್ಲ?" ಎಂದು ಈಗ ಅಳತೊಡಗಿದಳು. ನಾನೂ ಅತ್ತೆ. ಬಾಗಿಲಲ್ಲಿ ನಿಂತು ಸುಜಾತ ಅತ್ತಳು. ಅಮ್ಮ ನನ್ನ ಮಣಿಕಟ್ಟು ಬಿಡಲೇ ಇಲ್ಲ.

ಸತ್ತವನು ಸತ್ತಿಲ್ಲ ಎಂದು ಖಾತ್ರಿಯಾದ ಮೇಲೆ ಜನ ಒಬ್ಬೊಬ್ಬರಾಗಿ ಒಳಗೆ ಬಂದರು. ಎಲ್ಲವನ್ನೂ ಒಪ್ಪಿಕೊಂಡೆ. ತಂಡ, ಬಣ್ಣ, ಫ್ಲೆಕ್ಸ್, ಭಜನೆಯ ಸುಳ್ಳು. ಅಮ್ಮ ಮೂಗು ಒರೆಸಿಕೊಂಡು, "ಹಾಡೋದೇ ಆದ್ರೆ ಮುಚ್ಚುಮರೆ ಯಾಕ್ಲಾ? ನಾನೇನ್ ಬ್ಯಾಡ ಅಂತಿದ್ನಾ? ಎಲ್ಲಿ, ಒಂದ್ ಹೇಳು ಕೇಳನ," ಎಂದಳು. ಜನವೂ "ಹೇಳ್ಲಾ, ಹೇಳ್ಲಾ" ಎಂದರು.

ಬೇಡ ಎನ್ನಬೇಕಿತ್ತು. ದಾರಿಯಲ್ಲಿ ದೇವರಿಗೆ ಕೊಟ್ಟ ಮಾತಾದರೂ ನೆನಪಾಗಬೇಕಿತ್ತು. ಆದರೆ ಐವತ್ತು ಜನ ಕೇಳಲು ಕುಳಿತಿದ್ದರು. ಹೆಸರು, ಕೀರ್ತಿ, ಚಪ್ಪಾಳೆಗಳನ್ನು ತಿರಸ್ಕರಿಸಿದವನು ಎದ್ದು ನಿಂತೆ! ಉಸಿರು ಎಳೆದುಕೊಂಡು, ಹೊಟ್ಟೆಯ ತಳದಿಂದ, ಆರು ವರ್ಷದ ಸಾಧನೆಯನ್ನೆಲ್ಲ ಒಟ್ಟುಗೂಡಿಸಿ ಗೊರಗುಟ್ಟಿದೆ.

ಅಮ್ಮ ಎದೆ ಹಿಡಿದುಕೊಂಡಳು.

ಫ್ಲೆಕ್ಸಿನಿಂದ ಬದುಕಿ ಉಳಿದವಳನ್ನು ನನ್ನ ಕೈಯಾರೆ, ಅಲ್ಲ, ಬಾಯಾರೆ ಕೊಂದೆ ಎಂದುಕೊಂಡೆ. "ಮಾತ್ರೆ, ಮಾತ್ರೆ" ಎಂದು ಸುಜಾತ ಓಡಿದಳು. ಅಷ್ಟರಲ್ಲಿ ಅಮ್ಮ ಎದ್ದೇ ನಿಂತಳು.

"ಅಯ್ಯೋ ಅದೇ ಸದ್ದು ಕಣ್ರೋ! ನಾಕು ವರ್ಷದೋನಿದ್ದಾಗ ಬಂದಿತ್ತಲ್ಲಾ ನಾಯಿಕೆಮ್ಮು, ಅದೇ! ಮೂರು ತಿಂಗಳು ಇವನ್ನ ಹೆಗಲಿಂದ ಕೆಳಗೆ ಇಳಿಸಿರಲಿಲ್ಲ ನಾನು. ಸತ್ತೇ ಹೋಗ್ತಾನೆ ಅಂದಿದ್ರು. ಈಗ ಮರುಕಳಿಸ್ಬುಟ್ಟೈತೆ!" ನನ್ನ ಬೆನ್ನಿಗೆ ನಾಲ್ಕು ಗುದ್ದಿದಳು. ಸುಜಾತಳ ಕಡೆ ತಿರುಗಿ, "ಎಷ್ಟ್ ದಿನ ಆಯ್ತೇ ಇದು ಶುರುವಾಗಿ?" ಎಂದಳು.

ಸುಜಾತ ನನ್ನ ಮುಖ ನೋಡಿದಳು. ಬೆಳಗಿನಿಂದ ಅವಳು ಪಟ್ಟ ಪಾಡೆಲ್ಲ ಆ ಕಣ್ಣಲ್ಲಿತ್ತು. "ಆರು ವರ್ಷ ಆಯ್ತು ಅತ್ತೆ," ಎಂದಳು. "ಭಾನುವಾರ ಜಾಸ್ತಿ."

"ಆರು ವರ್ಷ! ಒಬ್ರಾದ್ರೂ ನಂಗೆ ಹೇಳಿದ್ರಾ!"

ಭಾನುವಾರ ಹನ್ನೊಂದು ಗಂಟೆಗೆ ನಮ್ಮ ಮೊದಲ ಪ್ರದರ್ಶನ ಶುರುವಾಯಿತಂತೆ. ನಾನಿಲ್ಲದೆ. ಆ ಹೊತ್ತಿಗೆ ನಾನು ಹಳ್ಳಿಯ ಮನೆಯಲ್ಲಿ ಅಣ್ಣನ ಉಣ್ಣೆ ಮಫ್ಲರನ್ನು ಕತ್ತಿಗೆ ಮೂರು ಸುತ್ತು ಸುತ್ತಿಕೊಂಡು, ಇನ್ನೂ ಅರೆಬರೆ ಬೆಳ್ಳಗಿದ್ದ ಮುಖದಲ್ಲಿ, ಆಡುಸೋಗೆ ಮೆಣಸಿನ ಕಷಾಯದ ಐದನೇ ಲೋಟ ಹಿಡಿದು ಕುಳಿತಿದ್ದೆ. ಎದುರಿಗೆ ಅಮ್ಮ, ಕದಲದೆ.

"ಕಹಿ ಕಣಮ್ಮ," ಎಂದೆ.

"ಬಾಯ್ ಮುಚ್ಕಂಡು ಕುಡಿ," ಎಂದಳು.

ಬಾಯಿ ಮುಚ್ಚಿಕೊಂಡು ಕುಡಿಯುವುದು ಹೇಗೆ ಎಂದು ಕೇಳುವ ಧೈರ್ಯ ಹೆಣಭಾರ ತಂಡದ ಹಾಡುಗಾರನಿಗೆ ಬರಲಿಲ್ಲ. ಕುಡಿದೆ!